ಗೇಮಿನೊಳಗಿನ ಅಡುಗೆಯವ

ಫೋನಿನ ಪರದೆಯಲ್ಲಿ ಕೊನೆಯ ಗಿರಾಕಿಗೂ ದೋಸೆ ಕೊಟ್ಟು ಸುಕೇಶ್ ಬೆರಳೆತ್ತಿದ. ಮುಂಬೈಯ ಬಾಂದ್ರಾದ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತವನಿಗೆ ಈ ಗೇಮ್ ಯಾವ ಲೆಕ್ಕ!

“ಪಪ್ಪಾ, ಫುಲ್ ಸ್ಕೋರ್!” ಮಗಳು ಯಕ್ಷಿತಾ ಕುಣಿದಳು. ತನ್ನ ಗೇಮಿಂಗ್ ಚಾನೆಲ್ಲಿಗೆ ನಿಜವಾದ ಅಡುಗೆಯವನ ಅಭಿಪ್ರಾಯ ಬೇಕು, ಮಧ್ಯಾಹ್ನದ ರಶ್ ಮುಗಿದ ಕೂಡಲೇ ಮನೆಗೆ ಬರಬೇಕು ಎಂದು ಹಠ ಹಿಡಿದವಳು ಅವಳೇ. “ಗೇಮ್ ಹೇಗುಂಟು? ಬೋಲೋ ನಾ!”

“ಲಾಯ್ಕುಂಟು. ಆದ್ರೆ ಈ ಅಡುಗೆಯವ ಊಟ ಮಾಡುವುದು ಯಾವಾಗ ಮಾರಾಯ್ತಿ? ಹೋಟೆಲಲ್ಲಿ ಗಿರಾಕಿಗಳು ಹೋದ ಮೇಲೆ ನಾವು ಕೆಲಸದವರೆಲ್ಲ ಒಟ್ಟಿಗೆ ಕೂತು ಉಣ್ತೇವೆ. ಇವನಿಗೆ ಅದೇ ಇಲ್ಲ.”

ಯಕ್ಷಿತಾಳ ನಗು ನಿಂತಿತು. ಗಡಿಯಾರದಲ್ಲಿ ನಾಲ್ಕು ಗಂಟೆ. ಒಟ್ಟಿಗೆ ಕೂರುವ ಆ ಊಟವನ್ನು ಬಿಟ್ಟೇ ಅಪ್ಪ ಲೋಕಲ್ ಟ್ರೈನ್ ಹಿಡಿದು ಓಡಿ ಬಂದಿದ್ದ. ಅವಳು ರೆಕಾರ್ಡಿಂಗ್ ನಿಲ್ಲಿಸಿ, ಎರಡು ತಟ್ಟೆ ತಂದಿಟ್ಟಳು.

“ಕೈ ತೊಳ್ಕೊಳ್ಳಿ ಪಪ್ಪಾ.”