ಬಳಕೆಯ ಸಾಲು

“ಸಾರ್, ಅರ್ಥ ಇದೆ, ಮೂಲ ಇದೆ. ಬಳಕೆ ಎಲ್ಲಿ?” ಪುಟ ಕಟ್ಟುವವಳು ಕುರ್ಚಿ ತಿರುಗಿಸಿ ಕೇಳಿದಳು.

“ಇವತ್ತು ಬಳಕೆ ಬೇಡ,” ಎಂದ ಅಂಕಣಕಾರ.

ಪತ್ರಿಕೆಯ ‘ದಿನಕ್ಕೊಂದು ಇಂಗ್ಲಿಷ್ ಪದ’ ಅವನದು. ಬಳಕೆಯ ವಾಕ್ಯಕ್ಕೆ ಯಾವಾಗಲೂ ತನ್ನನ್ನು ಸಾಕಿದ ಅತ್ತಿಗೆಯನ್ನೇ ಎಳೆದು ತರುತ್ತಿದ್ದ. ಓದುಗರಿಗೂ ಅದೇ ರುಚಿ ಹತ್ತಿತ್ತು. ಕಳೆದ ವಾರ ‘ಫ್ರ್ಯಾಕ್ಚರ್’ ಪದಕ್ಕೆ ಅತ್ತಿಗೆಯ ಮಣಿಕಟ್ಟು ಮುರಿಯಿತೆಂದು ಬರೆದ. ಅಚ್ಚಾದ ದಿನವೇ ಮುರಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡ. ನಿನ್ನೆ ‘ಬ್ಲ್ಯಾಕ್‌ಔಟ್’ ಬಂತು. ಒಲೆಯ ಮುಂದೆ ಅತ್ತಿಗೆಗೆ ಕಣ್ಣು ಕತ್ತಲೆ ಬಂತೆಂದು ಬರೆದಿದ್ದ, ಅಲ್ಲೇ ಬಿದ್ದಿದ್ದರು. ಇಂದಿನ ಪದ ‘ಪಾಸ್ಚುಮಸ್’, ಅಂದರೆ ಮರಣೋತ್ತರ. ಅವನಿಗೆ ನಿಜಕ್ಕೂ ಭಯವಾಗಿತ್ತು.

“ಮೂಲ ಚೆನ್ನಾಗಿದೆ ಸಾರ್. ಮೊದಲು ಬರೀ ‘ಕಟ್ಟಕಡೆಯ’ ಅಂತಿತ್ತು, ಆಮೇಲೆ ಜನರೇ ಅದಕ್ಕೆ ‘ಹ್ಯೂಮಸ್’, ಅಂದ್ರೆ ಲ್ಯಾಟಿನ್ನಿನ ಮಣ್ಣು, ಸೇರಿಸಿದ್ರು ಅಂತ. ಆದ್ರೆ ಕೆಳಗೆ ಜಾಗ ಬೋಳು ಬೋಳಾಗಿ ಕಾಣುತ್ತಲ್ಲ?”

“ಕಾಣಲಿ ಬಿಡಮ್ಮ.” ಫೋನ್ ಆಫ್ ಮಾಡಿ, ಅತ್ತಿಗೆಯ ಮಾತ್ರೆ ತರಲು ಹೊರಟ. ಮನೆ ಸೇರುವಷ್ಟರಲ್ಲಿ ಅವರು ಮಲಗಿದ್ದರು. ಉಸಿರಾಡುತ್ತಿದ್ದಾರೆಯೇ ಎಂದು ನಿಂತು ನೋಡಿಯೇ ಒಳಗೆ ಹೋದ.

ಬೆಳಿಗ್ಗೆ ಅತ್ತಿಗೆ ಮೇಜಿನ ಮುಂದೆ, ಪ್ಲಾಸ್ಟರ್ ಹಾಕಿದ ಕೈಯಡಿ ಪತ್ರಿಕೆ ಒತ್ತಿಟ್ಟುಕೊಂಡು ನಗುತ್ತಿದ್ದರು. ಅವನ ಜೀವಕ್ಕೆ ಹಾಯೆನಿಸಿತು.

“ಬಾರೋ, ಓದು. ಇಷ್ಟು ದಿನ ನನ್ನ ಮಾನ ಕಳೆದೆ, ಇವತ್ತು ನಿನ್ನ ಸರದಿ!”

“ಏನತ್ತಿಗೆ?”

“ನಿನ್ನ ಫೋನ್ ಸಿಗಲಿಲ್ಲ ಅಂತ ಆಫೀಸಿನ ಹುಡುಗಿ ಮನೆಗೇ ಮಾಡಿದ್ಲು. ಖಾಲಿ ಬಿಡೋಕಾಗಲ್ಲ, ಒಂದು ವಾಕ್ಯ ಬೇಕು ಅಂದ್ಲು. ನಾನೇ ಹೇಳ್ಬಿಟ್ಟೆ.”

ಅವನು ಓದಿದ. ‘ಬಳಕೆ: ನಮ್ಮ ಮೈದುನನಿಗೆ ಇಂದು ಪಾಸ್ಚುಮಸ್ ಪ್ರಶಸ್ತಿ ಬಂತು.’

“ಯಾಕೆ ಹೀಗೆ ಹೇಳಿದ್ರಿ?”

“ಹಿತ್ತಲ ಗಿಡ ಮದ್ದಲ್ಲ ಕಣೋ. ಬದುಕಿದ್ದಾಗ ನಿನಗೆ ಯಾರು ಪ್ರಶಸ್ತಿ ಕೊಡ್ತಾರೆ? ತಮಾಷೆಗೆ ಹೇಳಿದೆ. ಯಾಕೋ, ಮುಖ ಹಾಗಾಯ್ತು?”

ಅಷ್ಟರಲ್ಲಿ ಮನೆಯ ಫೋನ್ ಬಡಿದುಕೊಂಡಿತು. ಎತ್ತಬೇಡಿ ಎನ್ನುವ ಮೊದಲೇ ಅತ್ತಿಗೆ ಎತ್ತಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಅರಳಿತು.

“ಸಂಪಾದಕರು ಕಣೋ! ನಿನಗೆ ಪ್ರಶಸ್ತಿ ಬಂದಿದೆಯಂತೆ!”