ಅರ್ಧ ಹೊಲಿದ ಅಂಗಿ

"ಗದ್ದ ಇನ್ನೂ ಸ್ವಲ್ಪ ಮುಂದಿಡಿ, ಯಜಮಾನ್ರೇ." ಮುದಿ ಟೈಲರನ ಕಣ್ಣು ಪರೀಕ್ಷಿಸಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಕಣ್ಣಿನ ಒತ್ತಡ ಹದಿನೈದರಿಂದ ಮೂವತ್ತಕ್ಕೆ ಏರಿದೆ. ಡ್ರಾಪ್ಸ್ ತಪ್ಪಿಸಿದ್ರಾ?"

"ಒಂದು ಹೊತ್ತೂ ಇಲ್ಲ," ಎಂದಳು ಮಗಳು.

"ಹಾಗಾದ್ರೆ ಏನೋ ಮನಸ್ಸಿಗೆ ಹಚ್ಕೊಂಡಿರಬೇಕು. ಚಿಂತೆಗೆ ಮೈಯಲ್ಲಿ ಹೆಚ್ಚೋ ಹಾರ್ಮೋನು ಕಣ್ಣಿನ ಒತ್ತಡಾನೂ ಏರಿಸಬಹುದು. ಹೋದ ಸಲವೇ ಹೇಳಿದ್ದೆನಲ್ಲ?"

"ಅದಕ್ಕೇ ಡಾಕ್ಟ್ರೇ, ಅಪ್ಪನ ಕಿವಿಗೆ ಒಂದು ಕೆಟ್ಟ ಸುದ್ದೀನೂ ಬೀಳದ ಹಾಗೆ ನೋಡ್ಕೊಂಡಿದ್ದೀವಿ." ಅವಳು ಅಪ್ಪನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದಳು.

ಅಪ್ಪ ಯಂತ್ರದಿಂದ ಗದ್ದ ಎತ್ತದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಅವಳ ಬೆರಳು ಹುಡುಕಿ ಹಿಡಿದ.

"ಆಸ್ಪತ್ರೇಲಿದ್ದ ನಿಮ್ಮಣ್ಣನಿಗೆ ಅಂತ ಹೊಲೀತಿದ್ದ ಅಂಗೀನ ನೀನು ಮಿಷಿನ್ನಿಂದ ತೆಗೆದು ಬಚ್ಚಿಟ್ಟೆಯಲ್ಲ, ಅವತ್ತೇ ಗೊತ್ತಾಯ್ತು ಮಗಳೇ, ಅವನಿನ್ನಿಲ್ಲ ಅಂತ. ನೀವೆಲ್ಲ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ನಾನು ಹೇಗೆ ಅಳಲಿ?"