ಬೈಯುವ ನೆಂಟಸ್ತಿಕೆ

"ಯಾರೋ ಅದು, ನಮ್ಮನ್ನ ವಾಪಸ್ ಕಳಿಸ್ಬೇಕು ಅಂತ ಕೂತಿರೋ ಅಲಸಂದೆಬಾಕ?"

ಸಭೆಯ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಬಾಗಿಲಲ್ಲಿ ನಿಂತ ಮುದುಕಿ ನ್ಯಾಗಲೆ ಕೇತಾಳ ಬೆರಳು ನೇರವಾಗಿ ಝಾಂಗಾ ಕುಲಿಬಾಲಿಯ ಕಡೆಗಿತ್ತು. ಐವರಿ ಕೋಸ್ಟಿನ ಕೊರೊಗೊ ಊರಿನ ಆ ಹೋಟೆಲಿನಲ್ಲಿ ನೆರೆಯ ನಾಲ್ಕು ದೇಶಗಳ ಅಧಿಕಾರಿಗಳು, ಆಶ್ರಯ ಕೇಳಿ ಬಂದವರಿಗೆಲ್ಲ ಒಂದೇ ಕಾನೂನು ಬರೆಯೋಣವೆಂದು ಕೂತಿದ್ದರು. ಐವರಿ ಕೋಸ್ಟಿನ ಝಾಂಗಾ ಮಾತ್ರ ಒಂದೇ ಸಾಲಿಗೆ ಗಂಟುಬಿದ್ದಿದ್ದ: ನಡುವೆ ಇನ್ನೊಂದು ದೇಶ ದಾಟಿ ಬಂದವರನ್ನು ಆ ದೇಶಕ್ಕೇ ಮರಳಿ ಕಳಿಸತಕ್ಕದ್ದು. ಸಭೆಯ ಅಧ್ಯಕ್ಷೆ, ಬುರ್ಕಿನಾದ ಪೆಲಾಜಿ ಸಾನು ವಾದಿಸಿ ವಾದಿಸಿ ಸೋತು, ನಿರಾಶ್ರಿತರ ಶಿಬಿರದಿಂದ ಇಬ್ಬರು ಹೆಂಗಸರನ್ನು ಕರೆಸಿದ್ದಳು. ಅವರ ಕಷ್ಟ ಕೇಳಿಯಾದರೂ ಈ ಮಹರಾಯ ಕರಗಲಿ ಎಂದು.

ಕಷ್ಟದ ಬದಲು ಬೈಗುಳ ಬಂತು. ಝಾಂಗಾನ ಮುಖ ಮಾತ್ರ ಅರಳಿತು.

"ನಿಂದು ಯಾವ ಮನೆತನ ಮುದುಕಿ?"

"ಕೇತಾ ಕಣೋ."

"ಅದಕ್ಕೇ ಈ ಬಾಯಿ! ನಮ್ಮನೆ ಜೀತದಾಳು, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?"

ಕೇತಾಗಳಿಗೂ ಕುಲಿಬಾಲಿಗಳಿಗೂ ತಲೆತಲಾಂತರದ ನೆಂಟಸ್ತಿಕೆ, ಬೈಯುವ ನೆಂಟಸ್ತಿಕೆ. ಎದುರಾದರೆ ಅಲಸಂದೆಬಾಕ, ಜೀತದಾಳು ಎಂದು ಹಂಗಿಸಲೇಬೇಕು, ಹಂಗಿಸಿಕೊಂಡವರು ಸಿಟ್ಟಾಗಬಾರದು, ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದು. ಮುದುಕಿ ಬಲು ಚಾಲಾಕಿ. ಬಾಗಿಲಲ್ಲಿದ್ದ ಜವಾನನ ಹತ್ತಿರ ಹಟ ಹಿಡಿದ ಸಾಹೇಬರ ಹೆಸರು, ಕೂತ ಜಾಗ ಎರಡನ್ನೂ ಕೇಳಿಕೊಂಡೇ ಒಳಗೆ ಬಂದಿದ್ದಳು.

"ಮಾಲಿ ದೇಶದಲ್ಲಿ ನನ್ನ ಮನೆ ಸುಟ್ಟುಹೋಯ್ತು. ಬುರ್ಕಿನಾ ದಾಟಿ ನಡ್ಕೊಂಡು ಬಂದಿದೀನಿ. ನಾನು ಇನ್ನು ಎಲ್ಲಿಗೂ ಹೋಗಲ್ಲ, ತಿಳೀತಾ?"

"ಹೋಗ್ಬೇಡ. ನಮ್ಮನೆ ಪಾತ್ರೆ ತೊಳ್ಯೋರು ಯಾರು ಮತ್ತೆ?" ಎಂದವನ ಕಣ್ಣು ಒದ್ದೆಯಾಗಿತ್ತು. ಕಾರ್ಯದರ್ಶಿಯ ಕಡೆ ತಿರುಗಿ, "ಬರ್ಕೊಳ್ಳಪ್ಪ, ಬೈಯೋ ನೆಂಟರಿಗೆ ಈ ಸಾಲು ಅನ್ವಯಿಸಲ್ಲ" ಎಂದ.

ಅಷ್ಟು ಸಾಕಾಯಿತು. ಅಷ್ಟು ಹೊತ್ತೂ ಮುಖ ಗಂಟಿಕ್ಕಿಕೊಂಡಿದ್ದವರೆಲ್ಲ ಕುರ್ಚಿ ಮುಂದಕ್ಕೆಳೆದರು. ಪೆಲಾಜಿ ಕೂಡ ಅಧ್ಯಕ್ಷತೆ ಮರೆತು, "ನಾನು ಬೋಬೊ ಕುಲದವಳು. ಪುಲಾನಿ ದನಗಾಹಿಗಳು ನಮಗೆ ನೆಂಟರು. ಆ ಹಾಲುಗಳ್ಳರನ್ನೂ ಸೇರ್ಸಿ!" ಎಂದು ಮೇಜು ಕುಟ್ಟಿದಳು. ಮಾಲಿ ದೇಶದ ಅಧಿಕಾರಿ ತನ್ನ ನೆಂಟರಾದ ಕಮ್ಮಾರರನ್ನು ಸೇರಿಸಿದ. ಒಬ್ಬರ ನೆಂಟರನ್ನು ಇನ್ನೊಬ್ಬರು ಬೈಯುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತ ಕಾನೂನು ಸರಸರ ಮುಂದೆ ಸಾಗಿತು. ಮಿಕ್ಕವರಿಗೆ ಹಟದ ಸಾಲು ಹಾಗೇ ಉಳಿದಿದೆ ಎನ್ನುವುದು ಯಾರಿಗೂ ಬೇಕಿರಲಿಲ್ಲ. ಅಷ್ಟು ಒಳ್ಳೆಯ ನಗು ಅದು.

"ಆಯ್ತಲ್ಲ, ಎಲ್ಲಾರಿಗೂ ಒಪ್ಪಿಗೆಯೇ?" ಎಂದಳು ಪೆಲಾಜಿ, ಕಣ್ಣೊರೆಸಿಕೊಳ್ಳುತ್ತ.

ಗೋಡೆಯ ಪಕ್ಕದಿಂದ ಒಂದು ಕೈ ಮೇಲೆದ್ದಿತು. ಕರೆಸಿದ್ದ ಇನ್ನೊಬ್ಬ ಹೆಂಗಸು ಇಖ್ಲಾಸ್, ದೂರದ ಡಾರ್ಫುರಿನವಳು, ಹಲವು ದೇಶ ದಾಟಿ ಬಂದವಳು. ಎಲ್ಲರೂ ನಕ್ಕಾಗ ತಾನೂ ನಕ್ಕಿದ್ದಳು. ಈಗ ಎದ್ದು ನಿಂತು, ಇಲ್ಲಿ ಕಲಿತ ಅಷ್ಟಿಷ್ಟು ಮಾತನ್ನು ಜೋಡಿಸಿಕೊಂಡಳು.

"ಅಮ್ಮಾವ್ರೇ, ನಮ್ಮ ಮನೆತನದ ಹೆಸರು ಇಲ್ಲಿ ಯಾರೂ ಕೇಳೇ ಇಲ್ಲ. ನನ್ನನ್ನ ಯಾರಾದ್ರೂ ಒಬ್ರು ಬೈತೀರಾ?"